ಪ್ರವಾಹದ ಫೋಟೋಗಳ ಪ್ರದರ್ಶನ ಮಾಡಬೇಕು, ಬೆಂಗಳೂರಿನಲ್ಲಿ ಯಾವ ಗ್ಯಾಲರಿ ಒಳ್ಳೆಯದು?

ನಲವತ್ತು ಫೋಟೋ ಇವೆ, ಚಿತ್ರಕಲಾ ಪರಿಷತ್ತೋ ಎಂ.ಜಿ. ರಸ್ತೆಯ ರಂಗೋಲಿ ಮೆಟ್ರೋ ಕಲಾ ಕೇಂದ್ರವೋ, ನೋಡಿದವರ ಕಣ್ಣಲ್ಲಿ ನೀರು ಬರಬೇಕಾದರೆ ಪ್ರಿಂಟ್ ಎಷ್ಟು ದೊಡ್ಡದಿರಬೇಕು ಅಂತ ಕೇಳಿದ್ದೀರಿ. ನನ್ನ ತಲೆಯಲ್ಲೂ ಒಂದು ಕಾಲಕ್ಕೆ ಇವೇ ಪ್ರಶ್ನೆ ಓಡುತ್ತಿದ್ದವು.

2019ರ ಆಗಸ್ಟ್. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಮಲಪ್ರಭೆ ದಂಡೆಯ ಊರುಗಳಿಗೆ ನುಗ್ಗಿತ್ತು. ಗೆಳೆಯರ ಜೊತೆ ಚಾದರ ಹಂಚಲು ಹೋಗಿದ್ದೆ. ಕ್ಯಾಮೆರಾ ಕೊರಳಲ್ಲೇ ಇತ್ತು. ಒಂದು ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು (ಜನ ಈಗಲೂ ಗಂಜಿ ಕೇಂದ್ರ ಅಂತಲೇ ಅನ್ನುತ್ತಾರೆ). ಅಲ್ಲಿನ ವರಾಂಡದಲ್ಲಿ ವಯಸ್ಸಾದ ಅವ್ವ ಒಬ್ಬರು ಬಟ್ಟೆ ಗಂಟಿಗೆ ಒರಗಿ, ಹಣೆ ಮೇಲೆ ಕೈ ಇಟ್ಟು ಕೂತಿದ್ದರು. ಬೆಳಕು ಚೆನ್ನಾಗಿತ್ತು. ನಾಲ್ಕು ಸಲ ಕ್ಲಿಕ್ ಮಾಡಿ ಮುಂದೆ ಹೋದೆ. ಹೆಸರು ಕೇಳಲಿಲ್ಲ.

ಹೆಸರು ಕೇಳದಿದ್ದದ್ದು ತಪ್ಪೇ, ಆದರೆ ನನ್ನನ್ನು ಮುಳುಗಿಸಿದ ತಪ್ಪು ಅದಲ್ಲ. ಅದು ಆಗಿದ್ದು ಐದು ತಿಂಗಳ ನಂತರ, ನನ್ನ ಮನೆಯಲ್ಲಿ, ರಾತ್ರಿ ಹನ್ನೊಂದಕ್ಕೆ. ಬೆಳಿಗ್ಗೆ ಪ್ರಿಂಟ್‌ಗೆ ಫೈಲ್ ಕೊಡಬೇಕಿತ್ತು. ಆ ಫೋಟೋದ ಎಡಗಡೆ ಒಬ್ಬ ಹೆಂಗಸಿನ ಮೊಣಕಾಲು, ಒಂದು ಕೈ, ಸ್ಟೀಲ್ ತಟ್ಟೆ ಬಂದಿತ್ತು. ಕೈ ರೊಟ್ಟಿ ಮುರಿಯುತ್ತಿತ್ತು. ತಟ್ಟೆ ಹೊಳೆಯುತ್ತಿತ್ತು, ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಕ್ರಾಪ್ ಮಾಡಿದೆ. ಈಗ ಅವ್ವ ಒಬ್ಬರೇ ಉಳಿದರು, ಹಿಂದೆ ಖಾಲಿ ಗೋಡೆ. ಆ ಖಾಲಿ ಗೋಡೆ ನೋಡಿಕೊಂಡೇ ಶೀರ್ಷಿಕೆ ಬರೆದೆ: ‘ಯಾರೂ ಇಲ್ಲದ ಒಂಟಿ ಜೀವ’. ನೋಡಿ, ಇಷ್ಟೇ ನಡೆದದ್ದು. ಇದ್ದವರನ್ನು ನಾನೇ ಕತ್ತರಿಸಿ ತೆಗೆದೆ, ಆಮೇಲೆ ಯಾರೂ ಇಲ್ಲ ಅಂತ ನಾನೇ ಬರೆದೆ. ಬರೆಯುವಾಗ ಸುಳ್ಳು ಹೇಳುತ್ತಿದ್ದೇನೆ ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ. ಅಷ್ಟು ಹೊತ್ತಿಗೆ ಆ ಕ್ರಾಪ್ ಮಾಡಿದ ಫೋಟೋವೇ ನನ್ನ ನೆನಪಾಗಿಬಿಟ್ಟಿತ್ತು.

ಪ್ರದರ್ಶನ ಜೋರಾಗಿಯೇ ನಡೆಯಿತು. ಪತ್ರಿಕೆಯೊಂದರಲ್ಲಿ ಅದೇ ಫೋಟೋ, ಅದೇ ಶೀರ್ಷಿಕೆ ಬಂತು. ಮೂರನೇ ದಿನ ಆಟೋ ಓಡಿಸುವ ಖಾಕಿ ಅಂಗಿಯಲ್ಲೇ ಒಬ್ಬರು ಬಂದು ಆ ಫೋಟೋದ ಮುಂದೆ ತುಂಬಾ ಹೊತ್ತು ನಿಂತರು.

‘ಇದು ನಮ್ಮವ್ವರೀ. ಯಾರೂ ಇಲ್ಲ ಅಂತ ಯಾರ್ ಹೇಳ್ಯಾರ ನಿಮಗ?’

ಊರಲ್ಲಿ ಜನ ಪತ್ರಿಕೆ ಹಿಡಿದುಕೊಂಡು, ಮಗ ಬೆಂಗಳೂರಿನಲ್ಲಿ ದುಡಿಯುತ್ತಾನೆ, ಹಡೆದವ್ವನನ್ನು ಬೀದಿಗೆ ಬಿಟ್ಟಿದ್ದಾನೆ ಅಂತ ಆಡಿಕೊಳ್ಳುತ್ತಿದ್ದರಂತೆ. ನಾನು ಕತ್ತರಿಸಿದ ಕೈ ಅವರ ಹೆಂಡತಿಯದು. ಅವತ್ತು ಅತ್ತೆಗೆ ತಲೆನೋವು ಅಂತ ಊಟ ಮಾಡಿಸಲು ಕೂತಿದ್ದರಂತೆ. ಚೌಕಟ್ಟಿನ ಪಕ್ಕದಲ್ಲಿ ಕೆಂಪು ಚುಕ್ಕಿ ಅಂಟಿಸಿತ್ತು. ಇದೇನು ಅಂತ ಕೇಳಿದರು. ಮಾರಾಟವಾಗಿದೆ, ದುಡ್ಡು ಸಂತ್ರಸ್ತರಿಗೇ ಹೋಗುತ್ತೆ ಅಂದೆ. ‘ಯಾರಿಗೆ?’ ಅಂದರು. ನನ್ನ ಹತ್ತಿರ ಒಂದು ಹೆಸರೂ ಇರಲಿಲ್ಲ.

ಫೋಟೋ ಇಳಿಸಿದೆ, ಕೊಂಡವರ ದುಡ್ಡು ವಾಪಸ್ ಕೊಟ್ಟೆ, ಕ್ಷಮೆ ಕೇಳಲು ಊರಿಗೂ ಹೋದೆ. ಬರ್ರಿ, ಕುಂಡ್ರಿ, ಚಾ ಕುಡೀರಿ ಅನ್ನದ ಮನೆ ಆ ಕಡೆ ನಾನು ಕಂಡಿದ್ದು ಅದೊಂದೇ.

ಆಮೇಲೆ ಈ ವಿಷಯವಾಗಿ ಓದತೊಡಗಿದೆ. ಅಮೆರಿಕದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ ‘ವಲಸೆ ತಾಯಿ’ ಫೋಟೋ ಗೊತ್ತಲ್ವಾ? ಲ್ಯಾಂಗ್ ಕೂಡ ಆ ತಾಯಿಯ ಹೆಸರು ಕೇಳಿರಲಿಲ್ಲ. ಆ ಕುಟುಂಬದವರು ಕಾರಿನ ಟೈರ್ ಮಾರಿ ಊಟ ತಂದಿದ್ದಾರೆ ಅಂತ ಬರೆದರು. ಹಾಗೇನೂ ಮಾರಿರಲಿಲ್ಲ ಅಂತ ಆಮೇಲೆ ಮನೆಯವರು ಹೇಳಿದರು. ಮೂಲೆಯಲ್ಲಿ ಬಂದಿದ್ದ ಒಂದು ಹೆಬ್ಬೆರಳನ್ನೂ ನೆಗೆಟಿವ್‌ನಲ್ಲಿ ಅಳಿಸಿದರು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ಆ ಫೋಟೋದಿಂದ ಒಂದು ಕಾಸೂ ಸಿಕ್ಕಿಲ್ಲ ಅಂತ ಆಕೆಗೆ ಸಿಟ್ಟಿತ್ತು. ಹೆಬ್ಬೆರಳಿನ ವಿಷಯ ಓದಿದಾಗ ನನಗೆ ಆ ರೊಟ್ಟಿ ಮುರಿಯುವ ಕೈ ನೆನಪಾಯಿತು.

ಹಾಗಾಗಿ ಕಣ್ಣಲ್ಲಿ ನೀರು ಬರಬೇಕು ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ನೀರು ತರಿಸುವುದು ಸುಲಭ. ಪಕ್ಕದವರನ್ನು ಕತ್ತರಿಸಿದರೆ ಸಾಕು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಫೋಟೋಗಳನ್ನು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷಕ್ಕೆ, ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತ್ತು. ಅವರ ಫೋಟೋಗಳಲ್ಲಿ ಬಡ ಮಕ್ಕಳು ಆಡುತ್ತಾರೆ, ನಗುತ್ತಾರೆ. ಅಯ್ಯೋ ಪಾಪ ಅನ್ನಿಸುವುದಿಲ್ಲ, ಇವರ ಪರಿಚಯ ಮಾಡಿಕೊಳ್ಳೋಣ ಅನ್ನಿಸುತ್ತದೆ.

ಗ್ಯಾಲರಿ ಯಾವುದಾದರೂ ಆದೀತು, ಅದನ್ನು ಆಮೇಲೆ ನೋಡಿ. ಮೊದಲು ಆ ನಲವತ್ತನ್ನೂ ಕ್ರಾಪ್ ಮಾಡದೆ ಪ್ರಿಂಟ್ ಹಾಕಿಸಿ, ಫೋಟೋ ತೆಗೆದ ಊರಿಗೆ ಒಯ್ಯಿರಿ. ಗುಡಿ ಕಟ್ಟೆಯ ಹತ್ತಿರ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿ. ಯಾರು ಯಾರು, ಅವತ್ತು ಏನಾಗಿತ್ತು ಅಂತ ಅವರೇ ಹೇಳುತ್ತಾರೆ. ಶೀರ್ಷಿಕೆಗೆ ಅದನ್ನೇ ಬರೆದುಕೊಳ್ಳಿ. ಬೇಡ ಅಂದವರ ಫೋಟೋ ಅಲ್ಲೇ ಬಿಟ್ಟು ಬನ್ನಿ. ಮಾರುವ ಯೋಚನೆ ಇದ್ದರೆ ದುಡ್ಡು ಯಾರ ಕೈಗೆ ಅಂತ ಅಲ್ಲೇ ಮಾತಾಡಿ. ನಲವತ್ತರಲ್ಲಿ ಹದಿನೈದು ಉಳಿದರೂ ಜಾಸ್ತಿಯೇ.

ಪ್ರಿಂಟ್ ಅಳತೆ ಕೇಳಿದ್ದಿರಲ್ಲ, 12x18 ಇಂಚು ಸಾಕು. ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಹೋಗಬಹುದು.