ಚುನಾವಣೆ ಬಂದರೆ ಹೈಕೋರ್ಟ್ ಜಡ್ಜ್ ನೇಮಕ ನಿಲ್ಲುತ್ತದಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಮೇಲಿವೆ: ಹೈಕೋರ್ಟಿನ ಖಾಲಿ ಕುರ್ಚಿಗಳು. ಮಂಗಳೂರಿನ ಕೋರ್ಟುಗಳಲ್ಲಿ ಬಹಳ ವರ್ಷ ಓಡಾಡಿದ ವಕೀಲನಾಗಿ ಈ ವಿಷಯ ನನ್ನನ್ನೂ ಕಾಡಿದೆ. ಹಾಗಾಗಿ ಮೊದಲ ಉತ್ತರ ಸ್ವಲ್ಪ ಉದ್ದವಾಯಿತು.

ಪ್ರಶ್ನೆ: ನಾನು ಕಾರ್ಕಳ ತಾಲ್ಲೂಕಿನ ನಿವೃತ್ತ ಶಿಕ್ಷಕ. ನಮ್ಮ ಜಾಗದ ಕೇಸು ಒಂಬತ್ತು ವರ್ಷದಿಂದ ಹೈಕೋರ್ಟಿನಲ್ಲಿದೆ. ಜಡ್ಜ್‌ಗಳು ಸಾಲದು ಎನ್ನುತ್ತಾರೆ ನಮ್ಮ ವಕೀಲರು. ಚುನಾವಣೆ ಹತ್ತಿರ ಬಂದರೆ ನೇಮಕವೇ ಆಗುವುದಿಲ್ಲ ಎಂದು ಪರಿಚಯದವರು ಹೇಳಿದರು. ಅಮೆರಿಕದಲ್ಲಿ ಚುನಾವಣೆಗಾಗಿ ಒಂದು ವರ್ಷ ಕುರ್ಚಿ ಖಾಲಿ ಬಿಟ್ಟಿದ್ದರಂತೆ. ನಮ್ಮಲ್ಲೂ ಹಾಗೆಯೇ ಏನು?

ಮಾಸ್ಟ್ರೇ, ಅಮೆರಿಕದ ಕತೆ ನಿಜ. ಆದರೆ ಅದು ಅವರ ಸುಪ್ರೀಂ ಕೋರ್ಟಿನ ಕತೆ. ಅಲ್ಲಿಯ ಪತ್ರಿಕೆಗಳು ಸುಪ್ರೀಂ ಕೋರ್ಟನ್ನೇ ಹೈಕೋರ್ಟ್ ಎಂದೂ ಬರೆಯುತ್ತವೆ, ಅದರಿಂದ ನಮಗೆ ಗೊಂದಲ ಆಗುತ್ತದೆ.

2016ರ ಫೆಬ್ರುವರಿ 13ರಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ಮಾರ್ಚ್ 16ರಂದು ಅಧ್ಯಕ್ಷ ಒಬಾಮ ಮೆರಿಕ್ ಗಾರ್ಲಂಡ್ ಅವರ ಹೆಸರು ಕಳಿಸಿದರು. ಅಲ್ಲಿ ಸಂಸತ್ತಿನ ಮೇಲ್ಮನೆ, ಅಂದರೆ ಸೆನೆಟ್, ಒಪ್ಪಬೇಕು. ಸೆನೆಟ್‌ನಲ್ಲಿ ಎದುರು ಪಕ್ಷದ ಬಹುಮತ ಇತ್ತು. ಇದು ಚುನಾವಣೆ ವರ್ಷ, ಜನ ಹೊಸ ಅಧ್ಯಕ್ಷರನ್ನು ಆರಿಸಿದ ಮೇಲೆ ನೋಡೋಣ ಎಂದು ಅವರ ನಾಯಕ ಮಿಚ್ ಮೆಕಾನಲ್ ಪಟ್ಟು ಹಿಡಿದರು. ಒಂದು ದಿನವೂ ವಿಚಾರಣೆ ನಡೆಯಲಿಲ್ಲ. 293 ದಿನ ಆ ಹೆಸರು ಹಾಗೇ ಕೂತಿತ್ತು. ಟ್ರಂಪ್ ಗೆದ್ದರು. 2017ರ ಏಪ್ರಿಲ್‌ನಲ್ಲಿ ಆ ಕುರ್ಚಿಗೆ ನೀಲ್ ಗೋರ್ಸಚ್ ಬಂದರು. ನಾಲ್ಕು ವರ್ಷದ ಮೇಲೆ, 2020ರ ಸೆಪ್ಟೆಂಬರ್ 18ರಂದು, ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ತೀರಿಕೊಂಡರು. ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ಈಗ ಅಧ್ಯಕ್ಷರೂ ಸೆನೆಟ್ ಬಹುಮತವೂ ಒಂದೇ ಪಕ್ಷ. ಅಕ್ಟೋಬರ್ 26ರಂದು, ಮತದಾನಕ್ಕೆ ಎಂಟು ದಿನ ಇರುವಾಗ, ಆಮಿ ಬ್ಯಾರೆಟ್ ಅವರ ನೇಮಕಕ್ಕೆ 52–48 ಮತದಿಂದ ಒಪ್ಪಿಗೆ ಸಿಕ್ಕಿತು. ಒಂದೇ ಪಕ್ಷ, ಒಂದೇ ನಾಯಕ, ಎರಡು ನಿಯಮ. ಅಲ್ಲಿರುವುದು ಒಂಬತ್ತೇ ಕುರ್ಚಿ, ಕೂತವರು ಬದುಕಿರುವವರೆಗೂ ಕೂರಬಹುದು. ಹಾಗಾಗಿ ಒಂದೊಂದು ಕುರ್ಚಿಗೂ ಅಷ್ಟು ಜಗಳ.

ನಮ್ಮ ದಾರಿಯೇ ಬೇರೆ. ಇಲ್ಲಿ ಹೈಕೋರ್ಟ್ ನ್ಯಾಯಮೂರ್ತಿ 62ಕ್ಕೆ ನಿವೃತ್ತಿ ಆಗುತ್ತಾರೆ. ಯಾವ ತಾರೀಖಿಗೆ ಯಾವ ಕುರ್ಚಿ ಖಾಲಿ ಆಗುತ್ತದೆ ಎಂದು ವರ್ಷಗಳ ಮುಂಚೆಯೇ ಗೊತ್ತಿರುತ್ತದೆ. ಆರು ತಿಂಗಳು ಮೊದಲೇ ಹೆಸರು ಕಳಿಸಬೇಕು ಎಂಬ ನಿಯಮವೂ ಇದೆ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು ಅವರ ನಂತರದ ಇಬ್ಬರು ಹಿರಿಯರು ಹೆಸರು ಆರಿಸುತ್ತಾರೆ. ಇದೇ ಕೊಲಿಜಿಯಂ. ಹೆಸರು ರಾಜ್ಯ ಸರ್ಕಾರಕ್ಕೆ, ಕೇಂದ್ರದ ಕಾನೂನು ಇಲಾಖೆಗೆ, ಗುಪ್ತಚರ ಇಲಾಖೆಯ ವರದಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿನ ಕೊಲಿಜಿಯಂಗೆ, ಮತ್ತೆ ಕೇಂದ್ರಕ್ಕೆ, ಕೊನೆಗೆ ರಾಷ್ಟ್ರಪತಿಯ ಸಹಿಗೆ ಹೋಗುತ್ತದೆ. ಇದರಲ್ಲಿ ಎಲ್ಲೂ ಸದನದ ಮತ ಇಲ್ಲ, ಟೀವಿಯಲ್ಲಿ ತೋರಿಸುವ ವಿಚಾರಣೆ ಇಲ್ಲ.

ಹಾಗಾದರೆ ರಾಜಕೀಯ ಇಲ್ಲ ಅಂತಲ್ಲ. ನಮ್ಮ ಕರಾವಳಿಗೆ ಇದು ಚೆನ್ನಾಗಿಯೇ ಗೊತ್ತಿರಬೇಕು. ನಿಮ್ಮ ತಾಲ್ಲೂಕಿನ ಕೌಡೂರಿನವರು ಕೆ.ಎಸ್. ಹೆಗ್ಡೆ. 1952ರಿಂದ 1957ರವರೆಗೆ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದರು. ನಂತರ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿ, 1967ರಲ್ಲಿ ಸುಪ್ರೀಂ ಕೋರ್ಟಿಗೆ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ತೀರ್ಪು ಬಂತು. ಆ ಕೇಸು ಹಾಕಿದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದ ಬಹುಮತದಲ್ಲಿ ಹೆಗ್ಡೆಯವರೂ ಇದ್ದರು. ಮರುದಿನವೇ ಸುದ್ದಿ ಬಂತು: ಹೆಗ್ಡೆ, ಶೆಲಟ್, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದಾರೆ. ಮೂವರೂ ರಾಜೀನಾಮೆ ಕೊಟ್ಟರು. ಪಕ್ಷದಿಂದ ಬಂದ ಮನುಷ್ಯ ಆ ಪಕ್ಷದ ಸರ್ಕಾರದ ವಿರುದ್ಧವೇ ಬರೆದರು, ಅದರ ಬೆಲೆಯನ್ನೂ ಕೊಟ್ಟರು. ಜಡ್ಜ್ ಯಾವ ಕಡೆಯಿಂದ ಬಂದರು ಎಂಬುದರ ಮೇಲೆ ಅವರ ತೀರ್ಪನ್ನು ಅಂದಾಜು ಮಾಡುವವರಿಗೆ ನಾನು ಯಾವಾಗಲೂ ಕೌಡೂರಿನ ಈ ಹೆಸರನ್ನು ನೆನಪಿಸುತ್ತೇನೆ.

ಚುನಾವಣೆ ಹೊತ್ತಿನಲ್ಲೇ ಆದ ನೇಮಕ ಬೇಕಾದರೆ ಅದೂ ಇದೆ. 1977ರ ಜನವರಿ 18ರಂದು ಇಂದಿರಾ ಗಾಂಧಿ ಲೋಕಸಭಾ ಚುನಾವಣೆ ಘೋಷಿಸಿದರು. ಅದೇ ತಿಂಗಳ ಕೊನೆಯಲ್ಲಿ, ಎಚ್.ಆರ್. ಖನ್ನಾ ಅವರನ್ನು ದಾಟಿ ಎಂ.ಎಚ್. ಬೇಗ್ ಮುಖ್ಯ ನ್ಯಾಯಮೂರ್ತಿ ಆದರು. ತುರ್ತು ಪರಿಸ್ಥಿತಿಯಲ್ಲೂ ಮನುಷ್ಯನ ಸ್ವಾತಂತ್ರ್ಯದ ಪರವಾಗಿ ಒಬ್ಬರೇ ನಿಂತವರು ಖನ್ನಾ.

ಈ ಅನುಭವಗಳಿಂದಲೇ 1993ರಲ್ಲಿ ಮತ್ತು 1998ರಲ್ಲಿ ಸುಪ್ರೀಂ ಕೋರ್ಟು ಆಯ್ಕೆಯ ಅಧಿಕಾರವನ್ನು ನ್ಯಾಯಮೂರ್ತಿಗಳ ಕೈಗೆ ತಂದುಕೊಂಡಿತು. 2014ರಲ್ಲಿ ಸಂಸತ್ತು ಬೇರೆ ಆಯೋಗ ಮಾಡಹೊರಟಾಗ 2015ರ ಅಕ್ಟೋಬರ್‌ನಲ್ಲಿ ಅದನ್ನು ರದ್ದು ಮಾಡಿತು. ಈಗ ಸರ್ಕಾರದ ಕೈಯಲ್ಲಿ ಉಳಿದಿರುವ ದೊಡ್ಡ ಶಕ್ತಿ ಒಂದೇ. ಕಡತವನ್ನು ಮುಟ್ಟದೆ ಇಡುವುದು.

ನನ್ನ ಮುಖ್ಯ ಮಾತು ಇದು. ಹೆಸರು ಬಂದ ಆರು ವಾರದಲ್ಲಿ ರಾಜ್ಯ ಸರ್ಕಾರ ಏನೂ ಹೇಳದಿದ್ದರೆ, ಅದಕ್ಕೆ ಹೇಳುವುದೇನೂ ಇಲ್ಲ ಎಂದು ತಿಳಿದು ಕಡತ ಮುಂದೆ ಸಾಗಬೇಕು. ನಿಯಮದಲ್ಲೇ ಹಾಗಿದೆ. ಮುಖ್ಯಮಂತ್ರಿ ಪ್ರಚಾರದಲ್ಲಿದ್ದರೂ ಸರಿ, ಸರ್ಕಾರ ಬದಲಾದರೂ ಸರಿ. ಕೇಂದ್ರಕ್ಕೆ ಇಂಥ ನಿಯಮ ಇಲ್ಲ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಕೇಂದ್ರಕ್ಕೂ ವಾರಗಳ ಲೆಕ್ಕ ಹಾಕಿಕೊಟ್ಟಿತು. ಕೊಲಿಜಿಯಂ ಅದೇ ಹೆಸರನ್ನು ಒಮ್ಮತದಿಂದ ಮತ್ತೆ ಕಳಿಸಿದರೆ ಮೂರು ನಾಲ್ಕು ವಾರದಲ್ಲಿ ನೇಮಕ ಆಗಬೇಕು ಎಂದಿತು. ಆ ವಾರಗಳು ಕಳೆದರೆ ಏನು? ಏನೂ ಇಲ್ಲ. ಕಾರಣವನ್ನೂ ಯಾರೂ ಬರೆದು ಹೇಳಬೇಕಿಲ್ಲ.

ಅದರ ಪರಿಣಾಮ ನೋಡಿ. ನಮ್ಮ ಹೈಕೋರ್ಟಿಗೆ ಹಿರಿಯ ವಕೀಲ ಆದಿತ್ಯ ಸೋಂಧಿ ಅವರ ಹೆಸರು 2021ರ ಫೆಬ್ರುವರಿಯಲ್ಲಿ ಶಿಫಾರಸಾಯಿತು. ಸೆಪ್ಟೆಂಬರ್‌ನಲ್ಲಿ ಮತ್ತೆ ಹೋಯಿತು. ನೇಮಕ ಬರಲಿಲ್ಲ. 2022ರ ಫೆಬ್ರುವರಿಯಲ್ಲಿ ಅವರೇ ಒಪ್ಪಿಗೆ ಹಿಂಪಡೆದರು. ಇನ್ನೊಬ್ಬ ಜಿಲ್ಲಾ ನ್ಯಾಯಾಧೀಶರ ಹೆಸರು 2016ರಲ್ಲಿ ಹೋಗಿತ್ತು. ಅವರು ಪ್ರಮಾಣವಚನ ತೆಗೆದುಕೊಂಡದ್ದು 2020ರ ಮೇ ತಿಂಗಳಲ್ಲಿ. ನಡುವೆ 2018ರ ವಿಧಾನಸಭಾ ಚುನಾವಣೆ, 2019ರ ಲೋಕಸಭಾ ಚುನಾವಣೆ ಎರಡೂ ಮುಗಿದಿದ್ದವು. ಚುನಾವಣೆಯೇ ಅಡ್ಡಿ ಆಗಿದ್ದರೆ, ಅದು ಮುಗಿದ ಕೂಡಲೇ ದಾರಿ ಬಿಡಬೇಕಿತ್ತು ಅಲ್ವಾ?

ಇನ್ನೊಂದು ಸಂಗತಿ ಹೊರಗಿನವರಿಗೆ ಕಾಣುವುದಿಲ್ಲ. ಜಡ್ಜ್‌ಗಳ ಹಿರಿತನ ಪ್ರಮಾಣವಚನದ ದಿನದಿಂದ ಲೆಕ್ಕ. ಐದು ಹೆಸರು ಒಟ್ಟಿಗೆ ಹೋಗಿ, ಮೂರಕ್ಕೆ ಮಾತ್ರ ಮೊದಲು ಸಹಿ ಬಿದ್ದರೆ, ಉಳಿದ ಇಬ್ಬರು ಕೊನೆಯವರೆಗೂ ಕಿರಿಯರು. ಮುಂದೆ ಮುಖ್ಯ ನ್ಯಾಯಮೂರ್ತಿ ಆಗುವ ಅವಕಾಶವೇ ತಪ್ಪಬಹುದು. ಒಪ್ಪಿಗೆ ಕೊಟ್ಟ ವಕೀಲರ ಸ್ಥಿತಿಯೂ ಕಷ್ಟ. ಕಕ್ಷಿದಾರರು ‘ಇವರು ನಾಳೆ ಜಡ್ಜ್ ಆಗುತ್ತಾರಂತೆ’ ಎಂದು ಕೇಸು ಬೇರೆಯವರಿಗೆ ಕೊಡುತ್ತಾರೆ. ಹೀಗೆ ಕಾಯಲು ಯಾವ ಒಳ್ಳೆಯ ವಕೀಲ ಮುಂದೆ ಬರುತ್ತಾನೆ?

ತಪ್ಪು ಸರ್ಕಾರದ್ದು ಮಾತ್ರ ಎನ್ನುವುದೂ ಸರಿಯಲ್ಲ. ಆರು ತಿಂಗಳ ಮುಂಚೆ ಹೆಸರು ಕಳಿಸುವ ನಿಯಮವನ್ನು ಹೈಕೋರ್ಟುಗಳೇ ಪಾಲಿಸುವುದು ಕಡಿಮೆ. ‘ನಮಗೆ ಹೆಸರೇ ಬಂದಿಲ್ಲ’ ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಲು ಅದೇ ಆಧಾರ. ದೇಶದ ಹೈಕೋರ್ಟುಗಳಲ್ಲಿ ಮಂಜೂರಾದ ಹುದ್ದೆ 1,122. ಕರ್ನಾಟಕದ್ದು 62. ಅರವತ್ತೆರಡೂ ತುಂಬಿದ ಒಂದು ದಿನವನ್ನು ನಾನು ನೋಡಿದ ನೆನಪಿಲ್ಲ.

ನಿಮ್ಮ ಕೇಸಿನ ಬಗ್ಗೆ ಒಂದು ಮಾತು. ಸುಮ್ನೆ ಕಾಯಬೇಡಿ. ಹಿರಿಯ ನಾಗರಿಕರು ಎಂದು ವಯಸ್ಸಿನ ದಾಖಲೆ ಇಟ್ಟು ಬೇಗ ವಿಚಾರಣೆಗೆ ಅರ್ಜಿ ಹಾಕಲು ವಕೀಲರಿಗೆ ಹೇಳಿ. ಕೇಸಿನ ಸ್ಥಿತಿಯನ್ನು ಹೈಕೋರ್ಟಿನ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ಲಿಸ್ಟಿನಲ್ಲಿ ಬಂದಿದೆಯೇ ಎಂದು ಹಿಂದಿನ ಸಂಜೆ ಖಚಿತ ಮಾಡಿಕೊಂಡೇ ರಾತ್ರಿ ಬಸ್ಸು ಹತ್ತಿ.

ಪ್ರಶ್ನೆ: ನಾನು ಉಡುಪಿಯಲ್ಲಿ ಕಾನೂನು ಓದುತ್ತಿರುವ ವಿದ್ಯಾರ್ಥಿನಿ. ಮಾದರಿ ನೀತಿ ಸಂಹಿತೆ ಜಾರಿಯಲ್ಲಿರುವಾಗ ನ್ಯಾಯಮೂರ್ತಿಗಳನ್ನು ನೇಮಿಸಬಹುದಾ?

ನೇಮಿಸಬಹುದು, ನೇಮಿಸಿದ್ದಾರೆ. ಕೊಡಗಿನವರಾದ, ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಎ.ಎಸ್. ಬೋಪಣ್ಣ ಅವರನ್ನೇ ನೋಡಿ. 2019ರ ಏಪ್ರಿಲ್ 12ರಂದು, ಅಂದರೆ ಲೋಕಸಭಾ ಮತದಾನದ ನಡುವೆ, ಕೊಲಿಜಿಯಂ ಅವರ ಹೆಸರನ್ನು ಸುಪ್ರೀಂ ಕೋರ್ಟಿಗೆ ಶಿಫಾರಸು ಮಾಡಿತು. ಕೇಂದ್ರ ಹಿಂದೆ ಕಳಿಸಿತು. ಮೇ 8ರಂದು ಕೊಲಿಜಿಯಂ ಮತ್ತೆ ಅದೇ ಹೆಸರು ಹೇಳಿತು. ಮೇ 22ಕ್ಕೆ ನೇಮಕದ ಆದೇಶ ಬಂತು, 23ಕ್ಕೆ ಮತ ಎಣಿಕೆ, 24ಕ್ಕೆ ಪ್ರಮಾಣವಚನ. ಅಧಿಕಾರದಲ್ಲಿರುವವರು ಮತದಾರರನ್ನು ಓಲೈಸಬಾರದು ಎಂಬುದು ಸಂಹಿತೆಯ ಉದ್ದೇಶ. ಸಂವಿಧಾನದಂತೆ ರಾಷ್ಟ್ರಪತಿ ಮಾಡುವ ನ್ಯಾಯಮೂರ್ತಿಗಳ ನೇಮಕ ಆ ಸಾಲಿಗೆ ಸೇರುವುದಿಲ್ಲ. ಹಾಗಾಗಿ ‘ಸಂಹಿತೆ ಇದೆ’ ಎಂಬ ನೆಪವನ್ನು ಪರೀಕ್ಷೆಯಲ್ಲೂ ಬರೆಯಬೇಡಿ, ಹೊರಗೂ ನಂಬಬೇಡಿ.

ಪ್ರಶ್ನೆ: ಶಾಸಕರು, ಸಂಸದರು ಜಡ್ಜ್ ಹುದ್ದೆಗೆ ಹೆಸರು ಹೇಳಬಹುದಾ? (ಬಂಟ್ವಾಳದ ಓದುಗರು)

ಇಲ್ಲ. ಅವರಿಗೆ ಅಂಥ ಪಾತ್ರವೇ ಇಲ್ಲ. ಮುಖ್ಯಮಂತ್ರಿ ಒಂದು ಹೆಸರು ಸೂಚಿಸುವುದಾದರೆ ಅದನ್ನು ಮುಖ್ಯ ನ್ಯಾಯಮೂರ್ತಿಗೆ ಕಳಿಸಬಹುದು ಅಷ್ಟೇ, ಒಪ್ಪುವುದು ಬಿಡುವುದು ಕೊಲಿಜಿಯಂಗೆ ಬಿಟ್ಟದ್ದು. ಯಾರಾದರೂ ‘ನಮ್ಮವರನ್ನು ಜಡ್ಜ್ ಮಾಡಿಸುತ್ತೇವೆ’ ಎಂದರೆ ನಂಬಬೇಡಿ.

ಸಂಸದರಿಂದ ಬೇರೆ ಕೆಲಸ ಕೇಳಿ. ನಮ್ಮ ಹೈಕೋರ್ಟಿಗೆ ಕಳಿಸಿದ ಎಷ್ಟು ಹೆಸರು, ಎಷ್ಟು ತಿಂಗಳಿಂದ ಕೇಂದ್ರದಲ್ಲಿ ಬಾಕಿ ಇವೆ, ಯಾಕೆ, ಎಂದು ಸದನದಲ್ಲಿ ಪ್ರಶ್ನೆ ಹಾಕುವ ಹಕ್ಕು ಅವರಿಗಿದೆ. ಮತ ಕೇಳಲು ಬಂದಾಗ ಚರಂಡಿ, ರಸ್ತೆಯ ಜೊತೆ ಇದನ್ನೂ ಕೇಳಿ. ಯಾವ ಜಡ್ಜ್ ಬೇಕು ಎಂಬ ಮಾತು ಬೇಡ. ಗಡುವು ಮೀರಿದರೆ ಕಾರಣವನ್ನು ಬರೆದು ಪ್ರಕಟಿಸುವ ನಿಯಮ ಬೇಕು ಎನ್ನಿ.

ಪ್ರಶ್ನೆ: ಮಂಗಳೂರಿಗೆ ಹೈಕೋರ್ಟ್ ಪೀಠ ಬೇಕು ಎಂಬ ಮಾತು ಚುನಾವಣೆ ಬಂದಾಗೆಲ್ಲ ಕೇಳುತ್ತೇವೆ. ನಿಜವಾಗಿ ಇದನ್ನು ಕೊಡುವವರು ಯಾರು? (ಪುತ್ತೂರಿನ ಓದುಗರು)

ಈ ಬೇಡಿಕೆ ನನ್ನದೂ ಹೌದು. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಆ ದಾರಿಯೂ ಇಲ್ಲ. ನನ್ನ ಕಕ್ಷಿದಾರರೊಬ್ಬರು, ಅಡಿಕೆ ತೋಟದವರು, ಒಂದೇ ವರ್ಷದಲ್ಲಿ ಐದು ಸಲ ಘಾಟಿ ಹತ್ತಿ ಹೋದರು. ನಾಲ್ಕು ಸಲ ಅವರ ಕೇಸಿನ ಸರದಿಯೇ ಬರಲಿಲ್ಲ. ಐದನೆಯ ಸಲ ವಾಯಿದೆ ಸಿಕ್ಕಿತು. ಅವರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಮುಂದಿನ ಸಲ ಬರುವುದನ್ನೇ ಬಿಟ್ಟರು.

ಪೀಠ ಕೊಡುವ ದಾರಿ 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 51ನೇ ಸೆಕ್ಷನ್‌ನಲ್ಲಿದೆ. ಕಾಯಂ ಪೀಠಕ್ಕೆ ರಾಜ್ಯಪಾಲರನ್ನೂ ಮುಖ್ಯ ನ್ಯಾಯಮೂರ್ತಿಯನ್ನೂ ಕೇಳಿ ರಾಷ್ಟ್ರಪತಿ ಆದೇಶ ಮಾಡಬೇಕು. ಸಂಚಾರಿ ಪೀಠವಾದರೆ ಅಷ್ಟು ದೂರ ಹೋಗಬೇಕಿಲ್ಲ. ರಾಜ್ಯಪಾಲರ ಒಪ್ಪಿಗೆ ಪಡೆದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೇ ಶುರು ಮಾಡಬಹುದು. ಧಾರವಾಡ, ಕಲಬುರಗಿ ಪೀಠಗಳು 2008ರ ಜುಲೈನಲ್ಲಿ ಸಂಚಾರಿ ಪೀಠಗಳಾಗಿಯೇ ಬಂದವು, 2013ರಲ್ಲಿ ಕಾಯಂ ಆದವು. 2025ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಕೊಲ್ಹಾಪುರಕ್ಕೂ ಹೀಗೆಯೇ ಸಂಚಾರಿ ಪೀಠ ಸಿಕ್ಕಿತು. ಅಲ್ಲಿಯ ವಕೀಲರು ದಶಕಗಳ ಕಾಲ ಬಿಡದೆ ಕೇಳಿದ್ದರು.

ಹಾಗಾಗಿ ಅಭ್ಯರ್ಥಿಯ ಭರವಸೆಯಿಂದ ಮಾತ್ರ ಪೀಠ ಬರುವುದಿಲ್ಲ. ಮುಖ್ಯ ನ್ಯಾಯಮೂರ್ತಿ ಒಪ್ಪಬೇಕು. ರಾಜ್ಯ ಸರ್ಕಾರ ಕಟ್ಟಡ, ಸಿಬ್ಬಂದಿ, ಜಡ್ಜ್‌ಗಳ ವಸತಿಗೆ ಹಣ ಇಡಬೇಕು. ಅಭ್ಯರ್ಥಿ ಮಾತಾಡುವಾಗ ಬಜೆಟ್‌ನಲ್ಲಿ ಎಷ್ಟು ಇಡಿಸುತ್ತೀರಿ ಎಂದು ಕೇಳಿದರೆ ಮಾತಿನ ತೂಕ ಗೊತ್ತಾಗುತ್ತದೆ.

ಒಂದು ತೊಡಕನ್ನು ಮಾತ್ರ ಮುಚ್ಚಿಡಲಾರೆ. ಧಾರವಾಡದಲ್ಲಿ, ಕಲಬುರಗಿಯಲ್ಲಿ ಕೂರುವವರು ಬೇರೆ ಜಡ್ಜ್‌ಗಳಲ್ಲ. ಅದೇ 62 ಹುದ್ದೆಗಳ ಲೆಕ್ಕದಿಂದಲೇ ಸರದಿಯ ಮೇಲೆ ಹೋಗುತ್ತಾರೆ. ಮಂಗಳೂರಿಗೆ ಪೀಠ ಬಂದು ಕುರ್ಚಿಗಳು ಖಾಲಿಯೇ ಉಳಿದರೆ, ಇರುವ ಜಡ್ಜ್‌ಗಳನ್ನೇ ನಾಲ್ಕು ಕಡೆ ಹಂಚಬೇಕಾಗುತ್ತದೆ. ಆಗ ಪುತ್ತೂರಿನಿಂದ ಒಂದೂವರೆ ಗಂಟೆಯಲ್ಲಿ ಹೈಕೋರ್ಟ್ ತಲುಪುತ್ತೀರಿ, ಸರದಿ ಮಾತ್ರ ಅಂದೂ ಬರುವುದಿಲ್ಲ. ಪೀಠಕ್ಕಾಗಿ ವಕೀಲರ ಸಂಘಕ್ಕೂ ಸಂಸದರಿಗೂ ಮನವಿ ಬರೆಯುವಾಗ ಎರಡನೇ ಸಾಲಿನಲ್ಲೇ ಬಾಕಿ ನೇಮಕಗಳ ವಿಷಯವನ್ನೂ ಬರೆಯಿರಿ.