ಹಳೆಯ ತೊಟ್ಟಿಗೆ ಹೊಸ ಮೀನು

ಪ್ರಶ್ನೆ: ನಮ್ಮ 200 ಲೀಟರಿನ ಅಕ್ವೇರಿಯಂನಲ್ಲಿ ಎರಡು ವರ್ಷಗಳಿಂದ ನಾಲ್ಕು ಏಂಜಲ್ ಮೀನುಗಳಿವೆ. ಹತ್ತು ನಿಯಾನ್ ಟೆಟ್ರಾಗಳನ್ನು ತಂದು ಅದರಲ್ಲಿ ನೇರವಾಗಿ ಬಿಡಬಹುದೇ?

ಉತ್ತರ: ದಯವಿಟ್ಟು ನೇರವಾಗಿ ಬಿಡಬೇಡಿ. ಅಂಗಡಿಯಲ್ಲಿ ಚುರುಕಾಗಿ ಕಾಣುವ ಮೀನಿನ ಮೈಯಲ್ಲೂ ಬಿಳಿಚುಕ್ಕೆ ರೋಗದ ಪರೋಪಜೀವಿ ಅಡಗಿರಬಹುದು. ಚರ್ಮದೊಳಗಿರುವಷ್ಟು ಕಾಲ ಅದು ಔಷಧಿಗೂ ಸಿಗುವುದಿಲ್ಲ; ಮೇಲಾಗಿ, ಉಪ್ಪಿನ ಹರಳಿನಂತಹ ಚುಕ್ಕೆಗಳು ನಿಮ್ಮ ಕಣ್ಣಿಗೆ ಬೀಳುವ ವೇಳೆಗೆ ಸೋಂಕು ಹಳೆಯ ಮೀನುಗಳಿಗೂ ತಗುಲಿರಬಹುದು. ಹೊಸಬರನ್ನು ಸ್ಪಂಜ್ ಫಿಲ್ಟರ್ ಇರುವ ಸಣ್ಣ ತೊಟ್ಟಿಯಲ್ಲಿ ಮೂರು–ನಾಲ್ಕು ವಾರ ಪ್ರತ್ಯೇಕವಾಗಿರಿಸಿ ಗಮನಿಸಿ. ಆ ಸ್ಪಂಜನ್ನು ಮೊದಲೇ ಕೆಲವು ವಾರ ಹಳೆಯ ತೊಟ್ಟಿಯಲ್ಲಿ ಓಡಿಸಿದ್ದರೆ, ವಿಷಕಾರಿ ಅಮೋನಿಯಾವನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಅದರಲ್ಲಿ ನೆಲೆಸಿರುತ್ತವೆ. ಎರಡೂ ತೊಟ್ಟಿಗಳಿಗೆ ಬಲೆ ಬೇರೆ ಬೇರೆ ಇರಲಿ, ಅಂಗಡಿಯ ಚೀಲದ ನೀರನ್ನು ಯಾವುದಕ್ಕೂ ಸುರಿಯಬೇಡಿ.

ಆದರೆ ನನಗೆ ಹೆಚ್ಚು ಆತಂಕವಿರುವುದು ನಿಮ್ಮ ಆಯ್ಕೆಯ ಬಗ್ಗೆ. ಎರಡೂ ದಕ್ಷಿಣ ಅಮೆರಿಕದ ನದಿಗಳ ಮೀನುಗಳೇ ಆದರೂ, ಪೂರ್ಣ ಬೆಳೆದ ಏಂಜಲ್ ಮೀನು 3 ಸೆಂಟಿಮೀಟರಿನ ನಿಯಾನ್ ಟೆಟ್ರಾವನ್ನು ಆಹಾರವೆಂದೇ ತಿಳಿದು ನುಂಗುತ್ತದೆ. ಅವುಗಳ ಬದಲಿಗೆ, ತಳದಲ್ಲಿ ಗುಂಪಾಗಿ ಬಾಳುವ ಆರು ಕೋರಿಡೋರಸ್ ಮೀನುಗಳನ್ನು ತನ್ನಿ.