ಮೊದಲ ಸಲ ಓಡುವವರಿಗೆ: ಉಸಿರು ಬೇಗ ಪಳಗುತ್ತದೆ, ಮೂಳೆಗೆ ಸಮಯ ಬೇಕು

ನಮ್ಮ ಈ ಓಟದ ಗುಂಪಿನಲ್ಲಿ ನೀವು ಬರೆದದ್ದು ಇಷ್ಟು: ವಯಸ್ಸು ನಲವತ್ತರ ಹತ್ತಿರ, ದಿನವಿಡೀ ಕೂತು ಮಾಡುವ ಕೆಲಸ, ಶಾಲೆಯಲ್ಲೂ ಆಟಕ್ಕೆ ಇಳಿದವರಲ್ಲ. ಹೋದ ವಾರ ಓಡಲು ಶುರು ಮಾಡಿದಿರಿ. ಎರಡೇ ನಿಮಿಷಕ್ಕೆ ಏದುಸಿರು ಬಂತು. ಮೂರನೇ ದಿನಕ್ಕೆ ಮೊಣಕಾಲಿನ ಕೆಳಗೆ ಮೂಳೆಯ ಉದ್ದಕ್ಕೂ ನೋವು. ಓಟ ನನ್ನ ಮೈಗೆ ಆಗಿಬರುವುದಿಲ್ಲವೇನೋ ಎಂದು ಕೇಳಿದ್ದೀರಿ. ಜೊತೆಗೆ ದಿನಾ ಓಡಬೇಕಾ, ಯಾವ ಶೂ, ಮೊಣಕಾಲು ಸವೆದು ಹೋಗುತ್ತದಾ ಎಂಬ ಪ್ರಶ್ನೆಗಳೂ ಇವೆ.

ಆಗಿಬರುತ್ತದೆ. ನಿಮ್ಮ ಮೈಯಲ್ಲಿ ಏನೂ ಕೊರತೆ ಇದ್ದಂತೆ ಕಾಣುವುದಿಲ್ಲ. ತೊಂದರೆ ಇರುವುದು ವೇಗದಲ್ಲಿ. ಓಟ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಶಾಲೆಯ ನೂರು ಮೀಟರ್ ಓಟ ಒಂದೇ. ಸೀಟಿ ಊದಿದ ಕೂಡಲೇ ಇದ್ದ ಶಕ್ತಿಯನ್ನೆಲ್ಲ ಹಾಕಿ ಓಡುವುದು. ದೊಡ್ಡವರಾದ ಮೇಲೆ ಓಡಲು ಹೊರಟರೂ ಕಾಲು ತಾನಾಗಿ ಅದೇ ವೇಗ ಹಿಡಿಯುತ್ತದೆ. ಆ ವೇಗದಲ್ಲಿ ಎರಡು ನಿಮಿಷ ಓಡಿದ್ದೀರಿ ಅಂದರೆ ಅದೇ ಜಾಸ್ತಿ.

ಹಾಗಾದರೆ ಎಷ್ಟು ನಿಧಾನ? ಪಕ್ಕದಲ್ಲಿ ಒಬ್ಬರು ಓಡುತ್ತಿದ್ದಾರೆ ಅಂದುಕೊಳ್ಳಿ. "ನಾಳೆ ಬೆಳಿಗ್ಗೆ ಆರು ಗಂಟೆಗೆ ಇಲ್ಲೇ ಸಿಗೋಣ" ಎಂದು ಅವರಿಗೆ ಒಂದೇ ಉಸಿರಿನಲ್ಲಿ ಹೇಳಲು ಬರಬೇಕು. ಗಟ್ಟಿಯಾಗಿ ಹೇಳಿಯೇ ನೋಡಿ, ಮನಸ್ಸಿನಲ್ಲಿ ಹೇಳಿಕೊಂಡರೆ ಗೊತ್ತಾಗುವುದಿಲ್ಲ. "ನಾಳೆ... ಬೆಳಿಗ್ಗೆ..." ಎಂದು ಮಾತು ತುಂಡಾದರೆ ವೇಗ ಕಡಿಮೆ ಮಾಡಿ. ಆಗಲೂ ತುಂಡಾದರೆ ನಡೆಯಿರಿ. ಕೈಗಡಿಯಾರ ತೋರಿಸುವ ಎದೆಬಡಿತದ ಲೆಕ್ಕವನ್ನು ಈಗ ತಲೆಗೆ ಹಚ್ಚಿಕೊಳ್ಳಬೇಡಿ. 220ರಿಂದ ವಯಸ್ಸು ಕಳೆಯುವ ಸೂತ್ರ ತೀರಾ ಅಂದಾಜಿನದು, ಒಬ್ಬರಿಂದ ಒಬ್ಬರಿಗೆ ಹತ್ತಿಪ್ಪತ್ತು ಬಡಿತ ಆಚೀಚೆ ಆಗುತ್ತದೆ. ಮಾತಿನ ಪರೀಕ್ಷೆಯೇ ಸಾಕು.

ನಿಧಾನ ಓಡುವುದನ್ನೂ ಕಲಿಯಬೇಕಾಗುತ್ತದೆ. ಹೆಜ್ಜೆ ಗಿಡ್ಡ ಇರಲಿ. ಪಾದ ಮೈಗಿಂತ ಬಹಳ ಮುಂದೆ ಹೋಗಿ ಬೀಳಬಾರದು, ಆದಷ್ಟು ಸೊಂಟದ ಕೆಳಗೇ ಬೀಳಬೇಕು. ನಿಮ್ಮ ಹೆಜ್ಜೆಯ ಸದ್ದನ್ನು ಕೇಳಿಸಿಕೊಳ್ಳಿ. ಧಪ್ ಧಪ್ ಎಂದು ಜೋರಾಗಿ ಕೇಳಿಸುತ್ತಿದ್ದರೆ ಸಾಮಾನ್ಯವಾಗಿ ಹೆಜ್ಜೆ ಉದ್ದವಾಗಿರುತ್ತದೆ. ಅದನ್ನು ಗಿಡ್ಡ ಮಾಡಿ, ಸ್ವಲ್ಪ ಬೇಗ ಬೇಗ ಇಡಿ, ಸದ್ದು ತಾನಾಗಿ ತಗ್ಗುತ್ತದೆ. ಮೊಣಕಾಲಿನ ಮೇಲೆ ಬೀಳುವ ಭಾರವೂ ಕಡಿಮೆಯಾಗುತ್ತದೆ. ಹೆಗಲು ಕಿವಿಯ ಹತ್ತಿರ ಏರಿ ಕೂತಿದೆಯಾ, ಮುಷ್ಟಿ ಬಿಗಿದಿದೆಯಾ ಎಂದು ಆಗಾಗ ನೋಡಿಕೊಂಡು ಸಡಿಲ ಬಿಡಿ. ಹಿಮ್ಮಡಿ ಮೊದಲು ಊರಬೇಕಾ, ಮುಂಪಾದ ಮೊದಲಾ ಎಂಬ ಚರ್ಚೆಗೆ ಹೋಗಲೇಬೇಡಿ. ಮೊದಲ ಕೆಲವು ವಾರ ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿ ಹೋಗಬಹುದು. ಹೋಗಲಿ ಬಿಡಿ. ನೀವು ಸರಿಯಾದ ವೇಗದಲ್ಲೇ ಇದ್ದೀರಿ.

ಇನ್ನು ಕ್ರಮದ ವಿಷಯ. ಹೊಸಬರಿಗೆ ಬಹಳ ಜನ ಹೇಳುವ 'ಕೌಚ್ ಟು ಫೈವ್ ಕೆ', ಅಂದರೆ ಸೋಫಾದಿಂದ ಎದ್ದವರನ್ನು 5 ಕಿಲೋಮೀಟರ್ ಓಟದವರೆಗೆ ಒಯ್ಯುವ ಕ್ರಮ, ನಿಜಕ್ಕೂ ಒಳ್ಳೆಯದು. ಜಾಶ್ ಕ್ಲಾರ್ಕ್ ಎಂಬವರು 1996ರಲ್ಲಿ, ಐವತ್ತು ದಾಟಿದ ತಮ್ಮ ತಾಯಿಯಂಥವರೂ ಓಡುವಂತಾಗಲಿ ಎಂದು ಮಾಡಿದ್ದು. 9 ವಾರ, ವಾರಕ್ಕೆ 3 ದಿನ. ಮೊದಲ ವಾರದಲ್ಲಿ 5 ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ. ಹೀಗೇ ಬದಲಾಯಿಸುತ್ತಾ 20 ನಿಮಿಷ. ಕೊನೆಯ ವಾರಕ್ಕೆ ನಿಲ್ಲದೆ 30 ನಿಮಿಷ ಓಟ. ನಡುವೆ ನಡೆಯುವುದು ಸೋಲು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಹೊಸಬರಿಗೆ ಓಟ ಕಲಿಸಲು ಶುರು ಮಾಡಿದ್ದೇ ನಡಿಗೆ ಸೇರಿಸಿ. ಆ ಕ್ರಮದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸುವವರು ಈಗಲೂ ಇದ್ದಾರೆ.

ಒಂದೇ ಒಂದು ಬದಲಾವಣೆ ಹೇಳುತ್ತೇನೆ. 9 ವಾರ ಎನ್ನುವುದನ್ನು ಗಡುವು ಅಂದುಕೊಳ್ಳಬೇಡಿ. ನಿಮ್ಮಂತೆ ವರ್ಷಗಟ್ಟಲೆ ಕೂತೇ ಕೆಲಸ ಮಾಡಿದವರು 12 ವಾರ, 14 ವಾರ ತೆಗೆದುಕೊಂಡರೂ ಏನೂ ನಷ್ಟವಿಲ್ಲ. ಆ ಪಟ್ಟಿಯಲ್ಲಿ ಐದನೇ ವಾರದ ಮೂರನೇ ದಿನ ಒಮ್ಮೆಲೇ 20 ನಿಮಿಷ ನಿಲ್ಲದೆ ಓಡಲು ಹೇಳುತ್ತದೆ. ಅದರ ಹಿಂದಿನ ಸಲದ್ದು ನಡುವೆ ನಡಿಗೆ ಇಟ್ಟುಕೊಂಡ ಎರಡು 8 ನಿಮಿಷದ ಓಟ. ಉಸಿರಿನ ಮಟ್ಟಿಗೆ ಈ ಜಿಗಿತ ಆಗಿಬಿಡುತ್ತದೆ. ಕಾಲಿಗೆ ಅಷ್ಟು ಸುಲಭವಲ್ಲ. ನಾಲ್ಕನೇ ವಾರವನ್ನು ಎರಡು ಸಲ ಮಾಡಿ, ಐದನೆಯದನ್ನೂ ಎರಡು ಸಲ ಮಾಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಈ ಗುಂಪಿನಲ್ಲಿ ನಾನು ನೋಡಿದ ಹಾಗೆ ಹೊಸಬರು ಗಾಯ ಮಾಡಿಕೊಳ್ಳುವುದು ಕಷ್ಟಪಡುವ ಮೊದಲ ವಾರಕ್ಕಿಂತ ಜಾಸ್ತಿ, ಆರಾಮ ಅನ್ನಿಸುವ ನಾಲ್ಕು, ಐದು, ಆರನೇ ವಾರಗಳಲ್ಲಿ. ಓಡಲು ಶುರು ಮಾಡಿದ ಎರಡು ವಾರದೊಳಗೇ ರಕ್ತದ ದ್ರವದ ಪ್ರಮಾಣ ಹೆಚ್ಚುತ್ತದೆ. ಎದೆ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ದೂಡುತ್ತದೆ. ಅದಕ್ಕೇ ಮೂರನೇ ವಾರಕ್ಕೆ "ಅರೆ, ಉಸಿರು ಕಟ್ಟುತ್ತಲೇ ಇಲ್ಲ" ಅನ್ನಿಸುವುದು. ಸ್ನಾಯುಗಳೂ ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಗಟ್ಟಿ ನಾರುಗಳಿಗೆ, ಮೂಳೆಗೆ ರಕ್ತದಷ್ಟು ಆತುರವಿಲ್ಲ. ಮೂಳೆ ಹೊಸ ಭಾರಕ್ಕೆ ಹೊಂದಿಕೊಳ್ಳುವಾಗ ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಮನೆ ರಿಪೇರಿಯಲ್ಲಿ ಹಳೆ ಗೋಡೆ ಕೆಡವಿ ಹೊಸದು ಏಳುವ ತನಕ ಇರುವ ಸ್ಥಿತಿಯಂತೆ, ನಡುವಿನ ಕೆಲವು ವಾರ ಆ ಜಾಗ ಮೊದಲಿಗಿಂತ ದುರ್ಬಲವಾಗಿರುತ್ತದೆ. ಪೂರ್ತಿ ಕೆಲಸ ಮುಗಿಯಲು ಮೂರು ನಾಲ್ಕು ತಿಂಗಳು ಬೇಕು. ಉಸಿರು "ಇನ್ನೂ ಓಡು" ಎನ್ನುವ ಹೊತ್ತಿಗೆ ಮೂಳೆ ಇನ್ನೂ ಅರ್ಧ ದಾರಿಯಲ್ಲಿರುತ್ತದೆ.

ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಒಂದು ಕಾಲಿನ ಮೇಲೆ ಬೀಳುತ್ತದೆ. ನಿಮಿಷಕ್ಕೆ 160 ಹೆಜ್ಜೆ ಎಂದು ಹಿಡಿದರೆ 20 ನಿಮಿಷಕ್ಕೆ 3,200 ಹೆಜ್ಜೆ, ಒಂದೊಂದು ಕಾಲಿಗೆ 1,600. ದಿನಾ ಓಡಬೇಕಾ ಎಂದು ಕೇಳಿದಿರಲ್ಲ, ಉತ್ತರ ಇದರಲ್ಲೇ ಇದೆ. ಬೇಡ. ವಾರಕ್ಕೆ ಮೂರು ದಿನ, ನಡುವೆ ಒಂದಾದರೂ ದಿನ ಬಿಡುವು. ಬಿಡುವಿನ ದಿನ ನಡೆಯಿರಿ, ಸೈಕಲ್ ತುಳಿಯಿರಿ, ಈಜಿ. ಓಟ ಮಾತ್ರ ಬೇಡ.

ಈಗ ನಿಮ್ಮ ಕಾಲುನೋವು. ಕುರ್ಚಿಯಲ್ಲಿ ಕೂತು ನೋವಿರುವ ಕಾಲನ್ನು ಇನ್ನೊಂದರ ಮೇಲೆ ಹಾಕಿಕೊಳ್ಳಿ. ಮೊಣಕಾಲಿನಿಂದ ಪಾದದ ಗಂಟಿನವರೆಗೆ ಬರುವ ಮೂಳೆಯ ಒಳಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಮೇಲಿನಿಂದ ಕೆಳಕ್ಕೆ ಬನ್ನಿ, ಒಂದೊಂದು ಬೆರಳಗಲಕ್ಕೂ ನಿಲ್ಲಿಸಿ. ಕೆಳಗಿನ ಅರ್ಧದಲ್ಲಿ ನಾಲ್ಕೈದು ಬೆರಳಗಲ ಅಥವಾ ಅದಕ್ಕಿಂತ ಉದ್ದಕ್ಕೆ ಹರಡಿಕೊಂಡ ನೋವು ಇದ್ದರೆ ಅದು ಬಹುತೇಕ 'ಶಿನ್ ಸ್ಪ್ಲಿಂಟ್ಸ್', ಅಂದರೆ ಹೊಸ ಭಾರ ತಾಳದೆ ಮೂಳೆಯ ಅಂಚಿನಲ್ಲಿ ಬರುವ ನೋವು. ಹೊಸಬರಲ್ಲಿ ತುಂಬಾ ಸಾಮಾನ್ಯ. ಓಟ ಒಂದೆರಡು ವಾರ ನಿಲ್ಲಿಸಿ, ನೋವಾಗದಷ್ಟು ನಡೆಯಿರಿ. ಒತ್ತಿದರೆ ನೋವಿಲ್ಲ ಅಂದಾಗ ಮೊದಲ ವಾರದಿಂದ ಮತ್ತೆ ಶುರು ಮಾಡಿ. ಹಾಗಲ್ಲದೆ ಬೆರಳ ತುದಿಯಷ್ಟೇ ಜಾಗದಲ್ಲಿ ಒತ್ತಿದ ಕೂಡಲೇ ಚುಳ್ ಎನ್ನುವುದು, ಆ ಒಂದೇ ಕಾಲಲ್ಲಿ ಕುಪ್ಪಳಿಸಿದರೆ ನೋಯುವುದು, ರಾತ್ರಿ ಮಲಗಿದಾಗಲೂ ನೋವಿರುವುದು, ಇವುಗಳಲ್ಲಿ ಯಾವುದಿದ್ದರೂ ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಎಕ್ಸ್‌ರೇಯಲ್ಲಿ ಅದು ಮೊದಲ ಎರಡು ಮೂರು ವಾರ ಕಾಣಿಸದೆಯೂ ಇರುತ್ತದೆ. ಹಾಗಾಗಿ ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ಓಡಲು ಹೋಗಬೇಡಿ. ದಯವಿಟ್ಟು ನೋವಿನ ಮಾತ್ರೆ ನುಂಗಿ ಓಡುವ ಕೆಲಸ ಮಾಡಬೇಡಿ.

ಎಲ್ಲ ನೋವಿಗೂ ಹೆದರಬೇಕಿಲ್ಲ. ಓಡಿದ ಮಾರನೇ ದಿನ ತೊಡೆ, ಮೀನಖಂಡ ಎರಡೂ ಕಾಲಲ್ಲಿ ಒಂದೇ ಥರ ಹಿಡಿದುಕೊಂಡರೆ ಅದು ಸ್ನಾಯುವಿನ ಮಾಮೂಲಿ ನೋವು. ಎರಡು ಮೂರು ದಿನದಲ್ಲಿ ಹೋಗುತ್ತದೆ. ಒಂದೇ ಕಡೆ ಇರುವ, ಓಡಿದಷ್ಟೂ ಏರುವ, ನಡಿಗೆಯನ್ನೇ ಬದಲಿಸುವ ನೋವನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ.

ಕಾಲಿಗೆ ಬಲ ಬರಲು ಒಂದು ವ್ಯಾಯಾಮವನ್ನಾದರೂ ಮಾಡಿ. ಮೆಟ್ಟಿಲ ಅಂಚಿನಲ್ಲಿ ಮುಂಪಾದ ಊರಿ, ಹಿಮ್ಮಡಿ ಗಾಳಿಯಲ್ಲಿರುವಂತೆ ನಿಲ್ಲಿ. ಗೋಡೆ ಹಿಡಿದುಕೊಂಡು ನಿಧಾನಕ್ಕೆ ಮೇಲೇಳಿ, ಅದಕ್ಕಿಂತ ನಿಧಾನಕ್ಕೆ ಇಳಿಯಿರಿ. ಹನ್ನೆರಡು ಸಲ ಮೊಣಕಾಲು ನೇರ ಇಟ್ಟು, ಹನ್ನೆರಡು ಸಲ ಸ್ವಲ್ಪ ಬಗ್ಗಿಸಿ. ಬಗ್ಗಿಸಿದಾಗ ಮೀನಖಂಡದ ಒಳಪದರದ ಸ್ನಾಯುವಿಗೆ ಕೆಲಸ ಬೀಳುತ್ತದೆ. ಓಟದಲ್ಲಿ ಅತಿ ಹೆಚ್ಚು ಭಾರ ಹೊರುವ ಸ್ನಾಯುಗಳಲ್ಲಿ ಅದೂ ಒಂದು. ವಾರಕ್ಕೆ ಮೂರು ಸಲ ಮಾಡಿದರೆ ಸಾಕು. ಈಗ ನಿಮಗಿರುವ ನೋವು ಕಡಿಮೆಯಾದ ಮೇಲೆ ಶುರು ಮಾಡಿ.

ಮೊಣಕಾಲು ಸವೆಯುವ ಭಯ ಬಹಳ ಜನರಿಗಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಬಂದ ಒಂದು ವರದಿಯಲ್ಲಿ, ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ, ಮೊಣಕಾಲಿನ ಸವೆತ ಕಂಡುಬಂದದ್ದು ಶೇ. 3.5 ಜನರಲ್ಲಿ. ಓಡದೆ ಕೂತಿರುವವರಲ್ಲಿ ಶೇ. 10.2. ವೃತ್ತಿಪರ ಮಟ್ಟದಲ್ಲಿ ಸ್ಪರ್ಧಿಸುವವರಲ್ಲಿ ಮಾತ್ರ ಶೇ. 13.3. ಇದರಿಂದ ಓಟವೇ ಮೊಣಕಾಲನ್ನು ಕಾಪಾಡುತ್ತದೆ ಎಂದು ಹೇಳಲು ಬರುವುದಿಲ್ಲ, ಮೊಣಕಾಲು ಚೆನ್ನಾಗಿದ್ದವರೇ ಓಟ ಮುಂದುವರಿಸಿರಬಹುದು. ಆದರೆ ವಾರಕ್ಕೆ ಮೂರು ದಿನ ನಿಧಾನಕ್ಕೆ ಓಡಿದರೆ ಮೊಣಕಾಲು ಹಾಳಾಗುತ್ತದೆ ಎಂಬ ಮಾತಿಗೆ ಆಧಾರ ಕಾಣುವುದಿಲ್ಲ. ಮೊದಲೇ ಮೊಣಕಾಲಿಗೆ ಪೆಟ್ಟಾಗಿದ್ದರೆ ಅದು ಬೇರೆ ಮಾತು, ಕೇಳಿಕೊಂಡೇ ಶುರು ಮಾಡಿ.

ಶೂ ಬಗ್ಗೆ ಇಲ್ಲಿ ಎಷ್ಟೋ ಜಗಳ ಆಗಿದೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಓಟಕ್ಕೆಂದೇ ಮಾಡಿದ ಶೂ ಬೇಕು, ಅದು ದುಬಾರಿಯದೇ ಆಗಬೇಕಿಲ್ಲ. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತದೆ, ಆಗ ಹಾಕಿ ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ, ಹಿಮ್ಮಡಿ ಜಾರಬಾರದು. ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಿ. ಹಾಕಿದ ಕ್ಷಣದಿಂದ ಹಿತವಾಗಿರಬೇಕು, ಆಮೇಲೆ ಸಡಿಲವಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಪಾದದ ಕಮಾನು ಅಳೆದು ಅದಕ್ಕೆ ತಕ್ಕ ಶೂ ಎನ್ನುತ್ತಾರಲ್ಲ, ಅಮೆರಿಕದ ಸೈನ್ಯಕ್ಕೆ ಹೊಸದಾಗಿ ಸೇರಿದವರಿಗೆ ಹಾಗೆ ಕೊಟ್ಟು ನೋಡಿದಾಗ ಗಾಯಗಳು ಕಡಿಮೆಯಾಗಲಿಲ್ಲ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳಿಕೆ ಬರುತ್ತದೆ, ನೀವು ಓಡುವಷ್ಟಕ್ಕೆ ಒಂದು ಜೊತೆ ಶೂ ವರ್ಷದ ಮೇಲೂ ಬರುತ್ತದೆ.

ಸಣ್ಣಪುಟ್ಟ ವಿಷಯಗಳು ಕೆಲವಿವೆ. ಓಡುವ ಮುಂಚೆ ನಿಂತಲ್ಲೇ ಕಾಲು ಎಳೆದು ಹಿಡಿಯುವ ಸ್ಟ್ರೆಚಿಂಗ್ ಬೇಡ, 5 ನಿಮಿಷ ಬಿರುಸು ನಡಿಗೆಯೇ ಒಳ್ಳೆಯ ವಾರ್ಮಪ್. ಮೂಗಿನಲ್ಲೇ ಉಸಿರಾಡಬೇಕು ಎಂಬ ನಿಯಮವಿಲ್ಲ, ಬಾಯಿ, ಮೂಗು ಎರಡರಲ್ಲೂ ಆಡಿ. ಪಕ್ಕೆ ಹಿಡಿದುಕೊಂಡರೆ ನಡೆಯುತ್ತಾ ಆ ಜಾಗವನ್ನು ಒತ್ತಿ, ಉದ್ದಕ್ಕೆ ಉಸಿರು ಬಿಡಿ. ಹೊಟ್ಟೆ ತುಂಬಾ ತಿಂದಿದ್ದರೆ ಎರಡು ಮೂರು ಗಂಟೆ ಬಿಟ್ಟು ಹೊರಡಿ. ಅರ್ಧ ಗಂಟೆಯ ಓಟಕ್ಕೆ ನೀರಿನ ಬಾಟಲಿ ಹೊರಬೇಕಿಲ್ಲ, ಮುಂಚೆ ಮತ್ತು ಆಮೇಲೆ ಬಾಯಾರಿದಷ್ಟು ಕುಡಿಯಿರಿ. ಸೆಕೆ ಜಾಸ್ತಿ ಇರುವ ದಿನ ಅದೇ ವೇಗ ಹೆಚ್ಚು ಕಷ್ಟವಾಗುತ್ತದೆ, ಆಗಲೂ ಮಾತಿನ ಪರೀಕ್ಷೆಯನ್ನೇ ನಂಬಿ.

ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ಹೃದಯ ನಿಂತು ತೀರಿಕೊಂಡಿದ್ದರೆ, ಮೊದಲು ಡಾಕ್ಟರನ್ನು ಕಂಡು ಬನ್ನಿ. ಓಡುವಾಗ ಎದೆ ಒತ್ತಿದಂತೆ ಆಗುವುದು, ತಲೆ ಸುತ್ತಿ ಕಣ್ಣು ಕತ್ತಲಾಗುವುದು, ಎದೆಬಡಿತ ಅಡ್ಡಾದಿಡ್ಡಿಯಾಗುವುದು ಕಂಡರೆ ತಕ್ಷಣ ನಿಲ್ಲಿಸಿ. ಎದೆಯ ಒತ್ತಡ ನಿಂತ ಮೇಲೂ ಇಳಿಯದಿದ್ದರೆ ಸೀದಾ ಆಸ್ಪತ್ರೆಗೆ ಹೋಗಿ. ಇದರಲ್ಲಿ ಸಂಕೋಚ ಬೇಡ.

ನಡುವೆ ಜ್ವರವೋ ಕೆಲಸವೋ ಬಂದು ಒಂದು ವಾರ ತಪ್ಪಿದರೆ ಗಳಿಸಿದ್ದು ಹೆಚ್ಚೇನೂ ಹೋಗಿರುವುದಿಲ್ಲ. ಬಿಟ್ಟ ವಾರವನ್ನೇ ಮತ್ತೆ ಮಾಡಿ. ಮೂರು ವಾರ ತಪ್ಪಿದರೆ ಎರಡು ಹಂತ ಹಿಂದಕ್ಕೆ ಹೋಗಿ. ತಪ್ಪಿದ ಓಟಗಳನ್ನು ಒಂದೇ ವಾರದಲ್ಲಿ ತುಂಬಿಸಲು ಮಾತ್ರ ಹೋಗಬೇಡಿ. ಜ್ವರ ಇರುವಾಗ ಓಡಲೇಬಾರದು.

30 ನಿಮಿಷ ನಿಲ್ಲದೆ ಓಡುವ ದಿನ ಬಂದಾಗ 5 ಕಿಲೋಮೀಟರ್ ಆಗಿರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಹೊಸಬರಲ್ಲಿ ಎಷ್ಟೋ ಜನರಿಗೆ ಆಗಿರುವುದಿಲ್ಲ. ಅಲ್ಲಿಂದ ಒಂದು ತಿಂಗಳು ಅಷ್ಟೇ ಓಡಿ, ಏನೂ ಏರಿಸಬೇಡಿ. ಆಮೇಲೆ ಮೂರರಲ್ಲಿ ಒಂದು ದಿನದ ಓಟಕ್ಕೆ ಮಾತ್ರ ಐದು ನಿಮಿಷ ಸೇರಿಸಿ, ಉಳಿದೆರಡು ದಿನ ಹಾಗೇ ಇರಲಿ. ವೇಗದ ವಿಷಯವನ್ನು ಆರು ತಿಂಗಳ ನಂತರ ನೋಡೋಣ. ಆಗ ಇಲ್ಲೇ ಕೇಳಿ, ಅದಕ್ಕೆ ಬೇರೆಯೇ ಉತ್ತರ ಬರೆಯಬೇಕಾಗುತ್ತದೆ.